ತೊಗರಿ ಮೂಟೆಯ ಹಿಂದೆ

ಬೋರ್ಡು ಹಾಕಿದ್ದೆವು, ಸುಳ್ಳಲ್ಲ.
ಕನ್ನಡದಲ್ಲೇ ಬರೆಸಿದ್ದು, ಕಾಯಿದೆ ಹೇಳಿದಂತೆ:
ಕನಿಷ್ಠ ಕೂಲಿ, ಎಂಟು ತಾಸು, ವಾರದ ರಜೆ,
ಹೆಚ್ಚಿನ ತಾಸಿಗೆ ಇಮ್ಮಡಿ.
ಅದರ ಮುಂದೆ ಆಳೆತ್ತರ ತೊಗರಿ ಮೂಟೆ ಒಟ್ಟಿದ್ದೂ
ಸುಳ್ಳಲ್ಲ.

ಕಲಬುರಗಿ, ಹುಮನಾಬಾದ್ ರಸ್ತೆಯ ದಾಲ್‌ಮಿಲ್ಲಿನ ಮುನ್ಷಿ ನಾನು.
ನನ್ನ ಮೇಜಿನಲ್ಲಿ ಎರಡು ಹಾಜರಿ ಪುಸ್ತಕ:
ಇನ್‌ಸ್ಪೆಕ್ಟರ್ ಸಾಹೇಬರು ಬಂದಾಗ ತೆರೆಯುವುದು,
ಅವರು ಹೋದಮೇಲೆ ತೆರೆಯುವುದು.
ಮೊದಲನೆಯದರಲ್ಲಿ ರವಿವಾರ
ಎಲ್ಲರೂ ಮನೆಯಲ್ಲಿರುತ್ತಾರೆ.

ಮೊನ್ನೆ ಎರಡು ಲಾರಿ ಒಟ್ಟಿಗೇ ತುಂಬಿದವು.
ಗೋಡೆ ಬರಿದಾಯಿತು.
ಕೇರುವುದು ಬಿಟ್ಟು ಸಾಬಮ್ಮ ನಿಂತಳು,
ಮೊರ ಸೊಂಟಕ್ಕೆ, ರೆಪ್ಪೆ ಮೇಲೆ ಹೊಟ್ಟಿನ ಧೂಳು.
ರಾತ್ರಿ ಶಾಲೆಯಲ್ಲಿ ಕಲಿತ ಹಾಗೆ
ಒತ್ತಕ್ಷರಕ್ಕೆ ಎಡವಿ, ಮತ್ತೆ ಹಿಂದೆ ಬಂದು:
ಕ-ನಿ-ಷ್ಠ.
ಶೇಠಜಿ ನನ್ನ ಕಡೆ ನೋಡಿದರು. ನಾನು ಹಮಾಲರ ಕಡೆ.
ಹೊಸ ಮೂಟೆ ಇನ್ನೂ ಬಂದಿರಲಿಲ್ಲ.

ಬಟವಾಡೆಯ ದಿನ ಮಸಿಯ ಡಬ್ಬಿ ಮುಂದಿಟ್ಟೆ.
ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಕೇಳಿದಳು:
‘ಓದಿ ಹೇಳ್ರಿ ಮುನ್ಷಿಯವರ,
ಇದರಾಗ ನನ್ನ ರವಿವಾರ ಎಲ್ಲಿ ಅದ?’

ಅವಳ ಹಿಂದಿನ ಸಾಲು ಗಪ್ಪಾಯಿತು.
ನನಗೂ ಹನ್ನೊಂದು ವರ್ಷದ ರವಿವಾರಗಳಿದ್ದವು,
ಯಾವ ಪುಸ್ತಕದಲ್ಲೂ ಇಲ್ಲದವು.