ಫ್ಯಾನ್ ಬಂದ್ ಮಾಡಿ ಹೇಳಿದ್ದು

ನಮಸ್ಕಾರ್ರಿ. ಸಂಜಿ ಐದು. ಕಲಬುರಗಿ.
ಕಾಲೇಜಿನ ಸಣ್ಣ ರೇಡಿಯೋ ಇದು,
ಸುತ್ತ ಹದಿನೈದು ಕಿಲೋಮೀಟರ್ ನಮ್ಮ ರಾಜ್ಯ.
ಹುಮನಾಬಾದ್ ರೋಡಿನ ಕೊನೀ ದಾಲ್ ಮಿಲ್ ದಾಟಿದ್ರ
ನಾನು ಬರೇ ಸರ್ ಅನ್ನೂ ಸಪ್ಪಳ.
ಹೆಸರು ತಾರಾಮತಿ, ಬಿ.ಎಸ್ಸಿ. ಎರಡನೇ ವರ್ಷ.
ಈ ವಾರದ ಹೊಸ ಆಲ್ಬಮ್ ಹೆಂಗವ ಅಂತ
ಯಾರೂ ಕೇಳಿಲ್ಲ, ಹೇಳ್ತೀನಿ.

ಮೊದಲ ಒಂದು ಮಾತು ಕಬೂಲ್ ಮಾಡ್ತೀನಿ:
ಮೈಕ್ ಚಾಲೂ ಇದ್ದಾಗ ಫ್ಯಾನ್ ಬಂದ್ ಇರಬೇಕು.
ಮೇ ತಿಂಗಳು, ನಲವತ್ಮೂರು ಡಿಗ್ರಿ,
ಗ್ವಾಡಿಗೆ ಬಡಿದ ಗೋಣಿತಟ್ಟು ಸುದ್ದಾ ಬೆವರ್ತದ.
ಹಾಡು ನಡೆದಷ್ಟು ಹೊತ್ತು ಫ್ಯಾನ್ ತಿರಗ್ತದ, ಅದಕ್ಕ
ಏಳು ನಿಮಿಷದ ಹಾಡಂದ್ರ ನನಗ ಜೀವ.
ನನ್ನ ಅಭಿಪ್ರಾಯದಾಗ ಇಷ್ಟು ಗಾಳಿ ಬೆರೆತದ,
ತೂಗುವಾಗ ಕಳದು ತೂಗ್ರಿ.

ಬೆಂಗಳೂರಿನ ಐದು ಮಂದಿ, ‘ಹಸಿ ಕಿಟಕಿ’.
ಹತ್ತು ಹಾಡು, ಒಂಬತ್ತರಾಗ ಮಳೆ,
ಹತ್ತನೇದ್ರಾಗ ಮೋಡ.
ಗಿಟಾರ್ ಖರೇ ಚೊಲೋ ಅದ, ಸುಳ್ಳು ಹೇಳಂಗಿಲ್ಲ,
ಆದ್ರ ಐದು ಮಂದಿ ಕೂಡಿ
ಒಂದ ನಿಟ್ಟುಸಿರು ಬಿಡಬೇಕೇನು?
ನಮ್ಮ ಕಡಿ ಮಳಿ ಬಂದ್ರ ಮೊದಲ ಪತ್ರಾ ಹಾರ್ತದ,
ಆಮ್ಯಾಲೆ ಕರೆಂಟು,
ಕಿಟಕಿ ಮುಂದ ಕಪ್ಪು ಹಿಡದು ಕುಂದ್ರೂ ಹೊತ್ತು ಯಾರಿಗದ?
ಎರಡೂವರಿ. ಆ ಅರ್ಧ, ಎಂಟು ನಿಮಿಷದ ಕೊನೀ ಹಾಡಿಗೆ.

ಹೈದರಾಬಾದಿನ ಇಬ್ಬರು ಹುಡುಗರದು ‘ಉಧಾರ್ ಬಂದ್’.
ಗಾಜಿನಾಚೆ ನಮ್ಮ ಟೆಕ್ನೀಶಿಯನ್ ಗಫೂರ್ ಚಾಚಾ ಗೋಣು ಹಾಕಿದ್ರು.
ಬ್ಯಾರೆ ಪುರಾವೆ ಬೇಕಿಲ್ಲ. ನಾಲ್ಕು.
ಎರಡೆರಡು ನಿಮಿಷದ ಹಾಡು, ಅದೊಂದ ತಕರಾರು;
ಫ್ಯಾನಿನ ರೆಕ್ಕಿ ವೇಗ ಹಿಡಿಯೂದ್ರೊಳಗ ಮುಗೀತಾವ.

ಆಳಂದದ ಹುಡುಗಿ, ಹೆಸರು ಬರದಿಲ್ಲ,
ನಾಲ್ಕ ಹಾಡು, ಒಂದು ಹಾರ್ಮೋನಿಯಂ.
ಅದರ ಒಂದು ಮನಿ ಕೆಟ್ಟದ, ಒತ್ತಿದ್ರ ದನಿ ಇಲ್ಲ.
ರಾಗ ಅಲ್ಲಿಗೆ ಬಂದಾಗೊಮ್ಮೆ
ಮಾತು ಬಿಟ್ಟವರ ಮನಿ ತಪ್ಪಿಸಿ
ಹಿಂದಿನ ಓಣಿಲಿಂದ ಹೋದಂಗ ಹೋಗ್ತಾಳ.
ನಾಲ್ಕನೇ ಹಾಡಿನಾಗ ಮರ್ತು ಒತ್ತಿಬಿಡ್ತಾಳ.
ಆ ಖಾಲಿ ಜಾಗಾಕ್ಕ ಎಷ್ಟು ಅಂಕ ಕೊಡಬೇಕು
ನನಗ ಗೊತ್ತಿಲ್ಲ. ನೀವೇ ಕೇಳ್ರಿ.

ಇನ್ನು ಶಹಾಬಾದಿನವ. ಆಲ್ಬಮ್ ‘ಫರಸಿ’.
ಹೋದ ವಾರ ಎರಡು ಅಂಕ ಹಾಕಿ ಎದ್ದು ಹೋಗಿದ್ದೆ.
ಕೆಳಗ ಕಲ್ಲು, ಗ್ವಾಡಿ ಕಲ್ಲು,
ಆಡಿದ ಮಾತು ತಿರುಗಿ ಬಂದು ಅವನ ಬಾಯಿಗೇ ಬಡೀತದ.
ಖಾಲಿ ಮನಿಯಾಗ ಯಾರೋ ಕೊಡ ಎಳದಂಗ ಅಂದಿದ್ದೆ,
ಇದೇ ಮೈಕಿನಾಗ, ನಗಿ ಬರ್ಲಿ ಅಂತ.

ನಿನ್ನಿ ರಾತ್ರಿ ಮನಿಯಾಗ ಮತ್ತ ಹಚ್ಚಿದೆ.
ಕೊನೀ ಹಾಡು ಮುಗೀತು. ಬಂದ್ ಮಾಡ್ಬೇಕು,
ಎರಡೂ ಕೈಯಾಗ ಜ್ವಾಳದ ಹಿಟ್ಟು.
ಅದಕ್ಕ ಕೇಳಿಸ್ತು.
ಟಕ್.
ಒಂದು ಸ್ವಿಚ್ಚು.
ಆಮ್ಯಾಲೆ ಕಿರ್ರ್, ಕಿರ್ರ್,
ನಿಧಾನಕ್ಕ ಎಚ್ಚರಾಗೂ ಒಂದು ಹಳೀ ಫ್ಯಾನು.
ಆಮ್ಯಾಲೆ, ಹುಶ್ಶಪ್ಪಾ, ಅವನ ಉಸಿರು.
ಹನ್ನೊಂದು ಸೆಕೆಂಡು.
ಕತ್ತರಿಸೂದು ಮರ್ತಾನೋ, ಬೇಕಂತ ಬಿಟ್ಟಾನೋ.

ಅಷ್ಟೂ ಹಾಡು, ಮೂವತ್ತಾರು ನಿಮಿಷ,
ಅಂವ ಫ್ಯಾನ್ ಬಂದ್ ಮಾಡಿ ಹಾಡ್ಯಾನ್ರಿ.
ನಾನು ಗಾಳಿಗೆ ಕುಂತು ಎರಡು ಹಾಕಿದ್ದೆ.

ಅಂಕ ಅಳಸೀನಿ, ಹೊಸಾದು ಬರದಿಲ್ಲ.
ಆ ಹನ್ನೊಂದು ಸೆಕೆಂಡ್ ಅಷ್ಟ ಈಗ ಹಚ್ತೀನಿ,
ಮೈಕ್ ಚಾಲೂನ ಇರ್ಲಿ.
ನಿಮ್ಮ ಮನಿ ಫ್ಯಾನ್ ಜರ ನಿಲ್ಲಿಸಿ ಕೇಳ್ರಿ.

ಟಕ್.
ಕಿರ್ರ್, ಕಿರ್ರ್.
ಗಾಜಿನಾಚೆ ಗಫೂರ್ ಚಾಚಾ ಸಿಟ್ಟಿಲೆ ಎದ್ದು
ಬೆರಳು ಮ್ಯಾಲೆ ಮಾಡ್ತಾರ: ಬಂದ್ ಮಾಡು, ಬಂದ್ ಮಾಡು!
ತಾವೂ ಮ್ಯಾಲೆ ನೋಡ್ತಾರ.
ಮೂರೂ ರೆಕ್ಕಿ ನಿಂತಾವ,
ಅಂಚಿಗೆ ತೊಗರಿ ಬ್ಯಾಳಿಯ ಹಳದಿ ಧೂಳು.