ಹದಿನೇಳನೆಯ ನಿಮಿಷ

ಬೋಲ್ಟು ಆರು. ಒಂದೊಂದನ್ನೂ
ಟಕ್ಕೆನ್ನುವ ತನಕ ಬಿಗಿಯುತ್ತೇನೆ.
ಅಂಗೈಯಗಲದ ಪೆಟ್ಟಿಗೆ; ಕಾರು ಗುದ್ದಿದ ಕ್ಷಣ
ಏರ್‌ಬ್ಯಾಗಿಗೆ ‘ಏಳು’ ಎನ್ನಬೇಕಾದದ್ದು.
ಹೇಳಲು ಅದಕ್ಕೆ ಸಿಗುವುದು
ರೆಪ್ಪೆ ಅರ್ಧ ಮುಚ್ಚುವಷ್ಟು ಹೊತ್ತು.
ಅದಕ್ಕೂ ಮುಂಚಿನ ಹದಿನೈದು ವರ್ಷ
ಬಾಯಿ ಮುಚ್ಚಿಕೊಂಡು ಕುಲುಕಿಸಿಕೊಳ್ಳಬೇಕು.

ಆ ಹದಿನೈದು ವರ್ಷವನ್ನು
ನಾನು ಒಂಬತ್ತು ದಿನದಲ್ಲಿ ಮುಗಿಸಿ ಕೊಡುತ್ತೇನೆ.

ಗೂಟ ಅಲ್ಲಾಡಿಸಿ ಗಟ್ಟಿಮಾಡುವ ಮಾತು ಬೇರೆ.
ನಮ್ಮದು ಅಲ್ಲಾಡಿಸುವುದಷ್ಟೇ. ಗಟ್ಟಿಮಾಡುವವರು
ಆಚೆ ಕಟ್ಟಡದಲ್ಲಿದ್ದಾರೆ;
ಅವರ ಕಾಫಿ ಯಂತ್ರ ನಮ್ಮದಕ್ಕಿಂತ ಚೆನ್ನಾಗಿದೆ.

ಗಾಜಿನ ಹಿಂದೆ ಈಗ ಮೈನಸ್ ನಲವತ್ತು.
ಬೆಳಗಾಗುವುದರೊಳಗೆ ಎಂಬತ್ತೈದಕ್ಕೇರಿ ಇಳಿಯುತ್ತದೆ.
ವೆಸ್ಪ್ರೇಮ್ ಊರಿಗೆ ಊರೇ ಮಲಗಿದೆ,
ನನ್ನ ಮೇಜೊಂದು ಗುಡುಗುಡು.

ನೋಡಲು ಬಂದವರು ಕೇಳುತ್ತಾರೆ:
ಈ ನಡುಕ ಯಾವ ಸೂತ್ರದಿಂದ ಹುಟ್ಟಿದ್ದು?
ಸೂತ್ರವಲ್ಲ, ಸ್ವಾಮಿ, ರಸ್ತೆ.
ಬಕೋನ್ ಗುಡ್ಡದ ಹಿಂದಿನ ಕಾಂಕ್ರೀಟ್ ದಾರಿ,
ಯಾವ ಕಾಲದಲ್ಲೋ ಟ್ಯಾಂಕುಗಳು ಅರೆದು ಬಿಟ್ಟದ್ದು.
ಹನ್ನೊಂದು ವರ್ಷದ ಹಿಂದೆ, ಮಾರ್ಚಿನಲ್ಲಿ,
ಗೆಲ್ಲೇರ್ತ್ ಓಡಿಸಿದ. ನಾನು ಪಕ್ಕದಲ್ಲಿ,
ತೊಡೆಯ ಮೇಲೆ ರೆಕಾರ್ಡರು,
ಕೊರಳ ತನಕ ವೈರು.

ಒಟ್ಟು ಇಪ್ಪತ್ತೆರಡು ನಿಮಿಷ.
ಹದಿನೇಳನೆಯದಕ್ಕೆ ಪೊದೆಯಿಂದ ಒಂದು ಜಿಂಕೆ.
ಬ್ರೇಕು. ಬಲಗಾಲಿ ಗುಂಡಿಗೆ.
ಫ್ಲಾಸ್ಕಿನ ಮುಚ್ಚಳ ಹಾರಿ ಕಾಫಿಯೆಲ್ಲ ನನ್ನ ಮೇಲೆ.
ಗೆಲ್ಲೇರ್ತ್ ಅದರ ಅಮ್ಮನಿಂದ ಶುರುಮಾಡಿ
ಅಜ್ಜಿಯ ತನಕ ಬೈದ.
ಆ ಬೈಗುಳ ದಾಖಲಾಗಿಲ್ಲ. ನಮ್ಮ ಸೆನ್ಸರಿಗೆ
ಮೈ ಉಂಟು, ಕಿವಿಯಿಲ್ಲ.

ಈಗಲ್ಲಿ ಡಾಂಬರು ನುಣ್ಣಗೆ ಹರಿದಿದೆ.
ಭಾನುವಾರ ಮಕ್ಕಳು ಸೈಕಲ್ ಕಲಿಯುತ್ತಾರೆ.
ಗೆಲ್ಲೇರ್ತ್ ಹೋಗಿ ಚಳಿಗಾಲಕ್ಕೆ ನಾಲ್ಕು ವರ್ಷ; ಲಿವರ್.
ಆ ದಾರಿ ಉಳಿದಿರುವುದು ಇಲ್ಲಿ ಮಾತ್ರ,
ಈ ಮೇಜಿನ ಹೊಟ್ಟೆಯಲ್ಲಿ.
ದಿನಕ್ಕೆ ಅರವತ್ತೈದು ಸಲ ಅವನು
ಅದೇ ಗುಂಡಿಗೆ ಇಳಿಯುತ್ತಾನೆ.

ಏಳನೆಯ ರಾತ್ರಿ ಸದ್ದು ಬದಲಾಯಿತು.
ತೆರೆಯ ಮೇಲೆ ಹಸಿರು ಗೆರೆ ಇನ್ನೂ ನೆಟ್ಟಗೆ,
ಎಲ್ಲ ಸರಿಯಿದೆ ಎನ್ನುತ್ತಿತ್ತು.
ನನಗೆ ಮಾತ್ರ ಅನ್ನದಲ್ಲಿ ಕಲ್ಲು ಸಿಕ್ಕಂತಾಯಿತು.
ತುತ್ತು ಹಾಗೇ ಇಟ್ಟು ಕೂತೆ.
ಇನ್ನೂ ಮೂರು ಸುತ್ತು. ಆಮೇಲೆ ಕೆಂಪು ದೀಪ.
ಗಡಿಯಾರ ನೋಡುವ ಅಗತ್ಯವಿರಲಿಲ್ಲ.

ಬೆಳಗ್ಗೆ ಪೆಟ್ಟಿಗೆ ಕುಯ್ದೆವು.
ಮೈಕ್ರೋಸ್ಕೋಪಿನಡಿ ಬೆಸುಗೆಯ ಬೂದು ದಿಬ್ಬ,
ಬುಡದಲ್ಲಿ ಬಿರುಕು,
ಹಾಲಿನ ಕೆನೆ ಸರಿದಷ್ಟೇ.

ಝೊಂಬೊರ್ ಗ್ರಾಫಿಗೆ ಬೆರಳಿಟ್ಟ:
‘ಪಿರೋಶ್ಕಾ ನೇನಿ, ಈ ಮುಳ್ಳು ರಸ್ತೆಯದಲ್ಲ,
ಯಾರೋ ಬ್ರೇಕು ಒತ್ತಿದ್ದು. ಕತ್ತರಿಸಿದರೆ
ಪೆಟ್ಟಿಗೆ ಪಾಸು.’
ಒಳ್ಳೆಯ ಹುಡುಗ, ಲೆಕ್ಕ ತಪ್ಪುವವನಲ್ಲ.
ಒಂದೇ ಜಿಂಕೆಗೆ ನಾಲ್ಕುನೂರು ಸಲ
ಯಾವ ಮನುಷ್ಯನೂ ಬ್ರೇಕು ಹಾಕುವುದಿಲ್ಲ,
ಅದೂ ನಿಜವೇ.
ಆದರೆ ಜಿಂಕೆಗಳು ಬರುತ್ತವೆ.
ಮಕ್ಕಳು ಬರುತ್ತಾರೆ, ಚೆಂಡಿನ ಹಿಂದೆ.
ಇಷ್ಟನ್ನೂ ನಾನು ಬಾಯಿಬಿಟ್ಟು ಹೇಳಲಿಲ್ಲ.
ಬೆಳಗಿನ ಏಳು ಗಂಟೆಗೆ ನನ್ನ ಮಾತು ಯಾವತ್ತೂ ಸರಿಯಾಗಿ ಬಂದಿಲ್ಲ.

ವರದಿಯಲ್ಲಿ ಕಾರಣ ಎಂಬಲ್ಲಿ ಬರೆದೆ: ಬೆಸುಗೆ.
ಷರಾ ಎಂಬಲ್ಲಿ: ತೇವದ ರಸ್ತೆ, ಜಿಂಕೆ.
ಚಾಲಕನ ತಪ್ಪಿಲ್ಲ.

ಅವನು ಓದಿದ. ಮತ್ತೊಮ್ಮೆ ಓದಿದ.
ಸಹಿ ಹಾಕುವ ಮೊದಲು ಪೆನ್ನು ಹಿಡಿದುಕೊಂಡೇ ಕೇಳಿದ:
‘ಜಿಂಕೆ ಉಳಿಯಿತಾ?’

ಗೊತ್ತಿಲ್ಲ ಮಗು.
ನಾನು ವೈರುಗಳನ್ನು ಹಿಡಿದುಕೊಂಡಿದ್ದೆ.