ನಾಲ್ಕೂವರೆಯ ಅಲಾರಾಂ

ಚಿಯಾತುರಾದಲ್ಲಿ ನದಿಯೂ ಕಪ್ಪು.
ಮ್ಯಾಂಗನೀಸ್ ತೊಳೆದ ನೀರು. ಒಗೆದ ಬಟ್ಟೆ
ಒಣಗುವಷ್ಟರಲ್ಲಿ ಮತ್ತೆ ಮಾಸಿರುತ್ತದೆ.
ಅಂಥ ಊರಿಗೆ, ವಾಜಾ ಗಣಿಯೊಳಗೆ ಸತ್ತ ಮೂರನೇ ದಿನ,
ಬಿಳೀ ಅಂಗಿ ತೊಟ್ಟು ಬಂದರು ಕಂಪನಿಯವರು.

ಹೂವಿನ ಚಕ್ರ ಆಳೆತ್ತರ. ಅದರ ಪಟ್ಟಿಯ ಮೇಲೆ
ಸತ್ತವನಿಗಿಂತ ದಪ್ಪಕ್ಷರದಲ್ಲಿ ಕಂಪನಿಯ ಹೆಸರು.
ಮ್ಯಾನೇಜರು ನಾಜಿಬ್ರೋಲಾಳ ಕೈ ಹಿಡಿದರು;
ಕ್ಯಾಮೆರಾದವನು ಲೆನ್ಸಿನ ಧೂಳು ಒರೆಸಿಕೊಳ್ಳುವವರೆಗೂ
ಹಿಡಿದೇ ಇದ್ದರು.

ನಗಬೇಡಿ. ನಾನೇನು ಕಮ್ಮಿ?
ಶಾಲೆಯ ಮೇಷ್ಟ್ರು, ನಾಲ್ಕು ಮಾತು ನೀವೇ ಆಡಿ, ಅಂದರು.
ರಾತ್ರಿಯೆಲ್ಲ ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ.
‘ಬೆಟ್ಟ ಬಗೆದವನು ಬೆಟ್ಟವೇ ಆದ’ ಎನ್ನುವಲ್ಲಿ
ದನಿ ನಡುಗಿತು. ನಿಜಕ್ಕೂ ನಡುಗಿತು.
ಆದರೆ ನನ್ನೊಳಗೊಬ್ಬ ಹಿಂದಿನ ಸಾಲಿನಲ್ಲಿ ಕೂತು
ತಲೆದೂಗುತ್ತಿದ್ದ: ಆಹಾ, ಎಷ್ಟು ಚೆನ್ನಾಗಿ ನಡುಗಿತು!
ಕಣ್ಣೊರೆಸಿಕೊಂಡವರನ್ನು ಎಣಿಸಿಯೂ ಇಟ್ಟುಕೊಂಡ.
ಹದಿನೇಳು.

ಗುಲಿಕೋ ಅಳಲಿಲ್ಲ.
ರೋಪ್‌ವೇಯ ಲಿವರ್ ಎಳೆಯುವವಳು,
ಮೂವತ್ತು ವರ್ಷ ಗಣಿಯವರನ್ನು ಬೆಟ್ಟಕ್ಕೇರಿಸಿ ಇಳಿಸಿದವಳು,
ಕೋಳಿಯ ವಿಷಯಕ್ಕೆ ನಾಜಿಬ್ರೋಲಾಳ ಜೊತೆ ಜಗಳವಾಗಿ
ಆರು ವರ್ಷದಿಂದ ಮಾತು ಬಿಟ್ಟವಳು.
ಶವಕ್ಕೊಂದು ಸುತ್ತು ಬಂದಳು, ಹೋದಳು.
ಕಲ್ಲೆದೆ, ಅಂದರು ಜನ. ನಾನೂ ಹೂಂಗುಟ್ಟಿದೆ.

ಊಟ ಮುಗಿಯಿತು, ಬಾಡಿಗೆಯ ಬೆಂಚು ವಾಪಸಾದವು,
ಹೂವು ಒಣಗಿ ಚಕ್ರದ ತಂತಿ ಕಂಡಿತು.
ವಾಜಾನ ಗಡಿಯಾರ ಮಾತ್ರ, ಸುದ್ದಿ ಗೊತ್ತಿಲ್ಲದೆ,
ಬೆಳಗಿನ ಪಾಳಿಗೆಂದು ನಾಲ್ಕೂವರೆಗೆ ಬಡಿದುಕೊಂಡಿತು.
ರಾತ್ರಿ ಕೀಲಿ ಕೊಡದಿರಲು ಅವಳಿಗೆ ಮನಸ್ಸು ಬಾರದು,
ಬೆಳಗ್ಗೆ ಹೊಡೆದರೆ ನಿಲ್ಲಿಸಲು ಕೈ ಬಾರದು.
ಇಬ್ಬರ ಮನೆಗೂ ಗೋಡೆ ಒಂದೇ.
ನಾನು ಅಯ್ಯೋ ಪಾಪ ಅಂದೆ,
ದಿಂಬನ್ನು ಕಿವಿಗೊತ್ತಿಕೊಂಡು ಮಗ್ಗುಲಾದೆ.

ಮಾರನೆಯ ದಿನ ನಾಲ್ಕೂಕಾಲಿಗೆ
ಮೆಟ್ಟಿಲ ಮೇಲೆ ರಬ್ಬರ್ ಬೂಟಿನ ಸದ್ದು.
ಗಡಿಯಾರ ಕಿಣ್ ಎಂದಿತು, ಒಂದೇ ಸಲ, ನಿಂತಿತು.
ಆಮೇಲೆ ಕೆಟಲಿನ ಸಿಳ್ಳು. ಗುಲಿಕೋಳ ಗೊಗ್ಗರು ದನಿ:
‘ಸಕ್ಕರೆ ಎಲ್ಲಿಟ್ಟಿದ್ದೀಯೇ, ಮಾರಾಯ್ತಿ?’
‘ನಿನ್ನ ಕೋಳಿಗೆ ಎಟುಕದ ಕಡೆ.’
ಅಷ್ಟೇ. ಸಮಾಧಾನದ ಒಂದು ಮಾತಿಲ್ಲ.
ಐದಕ್ಕೆ ಎದ್ದು ಕೆಲಸಕ್ಕೆ ಹೋದಳು.

ನಲವತ್ತು ದಿನ ಹೀಗೆ.
ನಲವತ್ತೊಂದನೆಯ ದಿನ ಗಡಿಯಾರ ಹೊಡೆಯಲಿಲ್ಲ.
ಬೂಟು ಬಂತು.

ಯಾರಿಗೂ ಹೇಳಬೇಡಿ ಎಂದು ಅವಳೇನೂ ಅಂದಿಲ್ಲ,
ಹೇಳುವಂಥದ್ದು ಇದೆಯೆಂದೇ ಅವಳಿಗೆ ಹೊಳೆದಿಲ್ಲ.
ಹೇಳುತ್ತಿರುವವನು ನಾನು.
ಹಿಂದಿನ ಸಾಲಿನವನು ಆಗಲೇ ಬಂದು ಕೂತಿದ್ದಾನೆ,
ನಿಮ್ಮ ಮುಖಗಳನ್ನು ಎಣಿಸುತ್ತ.